ಲಕ್ಕವ್ವನ ಎಡಗಣ್ಣು

ದೆವ್ವ, ದೇವರು, ಮೈಮೇಲೆ ಬರುವುದು, ಸತ್ತವರು ಕನಸಿನಲ್ಲಿ ಬಂದು ಮಾತಾಡುವುದು, ಇಂಥದ್ದನ್ನು ಯಾರಾದರೂ ಹೇಳತೊಡಗಿದರೆ ನಾನು ಎದ್ದು ಹೋಗುವವಳು. ಎದ್ದು ಹೋಗಲಾಗದ ಕಡೆ, ಅಂದರೆ ಬಸ್ಸಿನಲ್ಲಿ ಅಥವಾ ಮದುವೆಯ ಪಂಕ್ತಿಯಲ್ಲಿ, ನಕ್ಕುಬಿಡುತ್ತಿದ್ದೆ. ಈಗ ನಗುವುದಿಲ್ಲ. ಹಾಗಂತ ನಂಬುತ್ತೇನೆ ಎಂದೂ ಹೇಳಲಾರೆ. ನಡುವೆ ಎಲ್ಲೋ ನಿಂತಿದ್ದೇನೆ, ಆ ಜಾಗ ನನಗೆ ಸ್ವಲ್ಪವೂ ಇಷ್ಟವಿಲ್ಲ. ಇಂಥ ಅನುಭವಗಳೆಲ್ಲ ಅಮಾವಾಸ್ಯೆಯ ರಾತ್ರಿ ನಡೆಯುತ್ತವೆ ಎಂದು ಕೇಳಿದ್ದೇನೆ. ನನ್ನದು ಹಾಡಹಗಲು, ಬೆಳಗಿನ ಬಿಸಿಲಿನಲ್ಲಿ, ಕಬ್ಬಿನ ಹೊಲದ ಮೂಲೆಯಲ್ಲಿ ನಡೆಯಿತು. ಕತ್ತಲೆಯಾದರೂ ಇದ್ದಿದ್ದರೆ ತಪ್ಪನ್ನೆಲ್ಲ ಅದರ ತಲೆಗೆ ಕಟ್ಟಿ ನಿಶ್ಚಿಂತೆಯಿಂದ ಇರುತ್ತಿದ್ದೆ.

ನಮ್ಮೂರು ಬೇಡಕಿಹಾಳ. ನಾವು ಬೌದ್ಧರು. ಮನೆಯಲ್ಲಿ ದೇವರ ಕೋಣೆ ಇಲ್ಲ, ಬುದ್ಧನದೊಂದು ಚಿತ್ರ, ಅದರ ಕೆಳಗಿನ ಹಲಗೆಯ ಮೇಲೆ ಅಪ್ಪನ ಪುಸ್ತಕಗಳು. ಅಪ್ಪ ಸಕ್ಕರೆ ಕಾರ್ಖಾನೆಯ ಗೇಟಿನಲ್ಲಿ ಕೆಲಸಕ್ಕಿದ್ದ. ಬಂದ ಗಾಡಿಯನ್ನು ಸುತ್ತ ತಿರುಗಿ ನೋಡದೆ ಒಳಗೆ ಬಿಡುತ್ತಿರಲಿಲ್ಲ. ಮನೆಗೆ ಬಂದ ಮಾತನ್ನೂ ಹಾಗೆಯೇ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆ ಅವನ ಬಾಯಲ್ಲಿ ಎಷ್ಟು ಸಲ ಬರುತ್ತಿತ್ತೆಂದರೆ, ಚಿಕ್ಕವಳಿದ್ದಾಗ ಅದು ಅವನೇ ಕಟ್ಟಿದ್ದು ಎಂದುಕೊಂಡಿದ್ದೆ.

ನಾನು ಮಿರಜದಲ್ಲಿ ಕಣ್ಣಿನ ಪರೀಕ್ಷೆಯ ಪದವಿಗೆ ಸೇರಿದಾಗ ಊರಿನಲ್ಲಿ ಕೆಲವರು ಕನ್ನಡಕ ಮಾರಲು ಡಿಗ್ರಿ ಯಾಕೆ ಬೇಕು ಎಂದು ತಮಾಷೆ ಮಾಡಿದರು. ಓದಿದ್ದು ಕನ್ನಡ ಶಾಲೆಯಲ್ಲಿ, ಪುಸ್ತಕ ಇಂಗ್ಲಿಷಿನಲ್ಲಿ, ಮೇಷ್ಟ್ರು ಬಿಡಿಸಿ ಹೇಳುವುದು ಮರಾಠಿಯಲ್ಲಿ. ಮೊದಲ ವರ್ಷ ಕಣ್ಣಿನ ಸ್ನಾಯುಗಳ ವಿಷಯದಲ್ಲಿ ಫೇಲಾದೆ. ಅಳು ಬರಲಿಲ್ಲ, ಸಿಟ್ಟು ಬಂತು. ಚಿಕ್ಕೋಡಿಯಿಂದ ಅಂಕಲಿ, ಕಾಗವಾಡ ದಾಟಿ ಮಿರಜಕ್ಕೆ ಹೋಗುವ ಬಸ್ಸಿನಲ್ಲಿ ಕಂಬ ಹಿಡಿದು ನಿಂತು, ಒಂದೊಂದು ಸ್ನಾಯು ಕಣ್ಣನ್ನು ಯಾವ ಕಡೆ ಎಳೆಯುತ್ತದೆ ಎಂದು ಬಾಯಿಪಾಠ ಮಾಡಿದೆ. ಮರುವರ್ಷ ಅದೇ ವಿಷಯದಲ್ಲಿ ತರಗತಿಗೆ ಮೊದಲು ಬಂದೆ. ಹಟಕ್ಕೆ ಬಿದ್ದರೆ ನಾನು ಒಳ್ಳೆಯವಳಲ್ಲ ಎಂದು ಅವ್ವ ಹೇಳುತ್ತಾಳೆ, ಅದು ನಿಜ.

ಮುಂದಿನದು ತಿಳಿಯಬೇಕಾದರೆ ನಮ್ಮ ವಿದ್ಯೆಯ ಒಂದು ಸಣ್ಣ ಸಂಗತಿ ಹೇಳಬೇಕು. ಮೆಳ್ಳೆಗಣ್ಣಿನ ಮಗುವಿನಲ್ಲಿ ಒಂದು ಕಣ್ಣು ನೇರ ನೋಡುತ್ತದೆ, ಇನ್ನೊಂದು ಮೂಗಿನ ಕಡೆಗೋ ಕಿವಿಯ ಕಡೆಗೋ ಹೊರಳಿರುತ್ತದೆ. ಹೊರಳಿದ ಕಣ್ಣು ಕಳಿಸುವ ಚಿತ್ರವನ್ನು ಮಿದುಳು ಬೇಡವೆಂದು ಬಿಟ್ಟುಬಿಡುತ್ತದೆ. ಬಿಟ್ಟು ಬಿಟ್ಟು ಆ ಕಣ್ಣು ನೋಡುವುದನ್ನೇ ಕಲಿಯುವುದಿಲ್ಲ. ಸೋಮಾರಿ ಕಣ್ಣು ಎನ್ನುತ್ತೇವೆ. ಅದಕ್ಕೆ ಕನ್ನಡಕ ಕೊಟ್ಟು, ಒಳ್ಳೆಯ ಕಣ್ಣಿಗೆ ದಿನಕ್ಕಿಷ್ಟು ಹೊತ್ತು ಎಂದು ಪಟ್ಟಿ ಹಚ್ಚಿ, ಸೋಮಾರಿ ಕಣ್ಣಿಗೆ ಕೆಲಸ ಕೊಡಬೇಕು. ಎಳವೆಯಲ್ಲೇ ಮಾಡಿದರೆ ದಕ್ಕುತ್ತದೆ, ತಡವಾದಷ್ಟೂ ಕಷ್ಟ. ಇನ್ನು ಪರೀಕ್ಷೆ ಬಹಳ ಸರಳ. ನೇರವಾದ ಕಣ್ಣನ್ನು ಕೈಯಿಂದ ಮುಚ್ಚಿ, ಇನ್ನೊಂದು ಕಣ್ಣು ಏನು ಮಾಡುತ್ತದೆ ನೋಡುವುದು. ಅದರಲ್ಲಿ ದೃಷ್ಟಿ ಇದ್ದರೆ ಅದು ಹೊರಳಿ ನೇರವಾಗಿ ಎದುರಿನದನ್ನು ಹಿಡಿಯುತ್ತದೆ. ಆಗ ನಾವು ಮಗುವಿಗೆ ‘ಗುಡ್, ಹಂಗ ನೋಡು’ ಎನ್ನುತ್ತೇವೆ. ಇಷ್ಟನ್ನು ಎಷ್ಟು ಸಲ ಮಾಡಿದ್ದೇನೋ, ಯಾರಾದರೂ ಒಂದು ಕಣ್ಣು ಉಜ್ಜಿಕೊಂಡರೂ ನನ್ನ ನೋಟ ತಾನಾಗಿ ಅವರ ಇನ್ನೊಂದು ಕಣ್ಣಿಗೆ ಹೋಗುತ್ತದೆ.

ಕೊನೆಯ ವರ್ಷ ನಾವೆಲ್ಲ ಒಂದೊಂದು ಮಗುವನ್ನು ಹಿಡಿದು, ಅದರ ಚಿಕಿತ್ಸೆಯನ್ನು ಮೊದಲಿನಿಂದ ಕೊನೆಯವರೆಗೆ ನೋಡಿಕೊಳ್ಳಬೇಕಿತ್ತು. ನನಗೆ ಸಿಕ್ಕವಳು ಅಂಕಲಿಯ ಶ್ರಾವಣಿ. ಶಾಲೆಯ ತಪಾಸಣೆಯಲ್ಲಿ ಕಂಡಳು, ಒಂದನೇ ಇಯತ್ತೆಯ ಪೋರಿ, ಎಡಗಣ್ಣು ಮೂಗಿಗೆ ಅಂಟಿಕೊಂಡಂತೆ ಹೊರಳಿತ್ತು. ಬಲಗಣ್ಣು ಮುಚ್ಚಿದೆ. ಎಡಗಣ್ಣು ಅತ್ತ ಇತ್ತ ತಡಕಾಡಿತು, ಏನನ್ನೂ ಹಿಡಿಯಲಿಲ್ಲ. ಕತ್ತಲಾಯಿತು ಎಂದು ಹುಡುಗಿ ಅತ್ತುಬಿಟ್ಟಳು. ಮಿರಜಕ್ಕೆ ಕರೆತಂದು ತೋರಿಸಿದಾಗ ನಮ್ಮ ಡಾಕ್ಟರ್ ಮೇಡಂ, ಈಗಾಗಲೇ ತಡವಾಗಿದೆ, ಇನ್ನು ಕಾಯುವಂತಿಲ್ಲ ಎಂದರು. ಕನ್ನಡಕ ಬಂತು. ಪಟ್ಟಿಗಳನ್ನೂ ಕೊಟ್ಟು ಕಳಿಸಿದೆವು.

ಆದರೆ ಆ ಮನೆಯಲ್ಲಿ ಪಟ್ಟಿ ಹಚ್ಚಲು ಬಿಡಲಿಲ್ಲ. ಅವರದು ಹಳೆಯ ಒಕ್ಕಲುತನದ ಮನೆ, ಊರ ಹೊರಗಿನ ತೋಟದಲ್ಲಿ ವಸ್ತಿ. ಮನೆಯ ಯಜಮಾನಿ ಶ್ರಾವಣಿಯ ಅಜ್ಜಿ, ಎಲ್ಲರೂ ಬಾಳವ್ವಾಯಿ ಎನ್ನುತ್ತಿದ್ದರು. ಅವರ ಹೊಲದ ಮೂಲೆಯಲ್ಲಿ ಬೇವಿನ ಮರದ ಕೆಳಗೆ ಲಕ್ಕವ್ವನ ಸಣ್ಣ ಗುಡಿ ಇದೆ. ಕರಿಕಲ್ಲಿನ ಮೂರ್ತಿಗೆ ಬೆಳ್ಳಿ ತಗಡಿನ ಕಣ್ಣು ಮಾಡಿಸಿ ಮೇಣದಿಂದ ಹಚ್ಚಿದ್ದಾರೆ. ಕಣ್ಣು ಬೇನೆ ವಾಸಿಯಾದರೆ ದೇವಿಗೆ ಬೆಳ್ಳಿ ಕಣ್ಣು ಕೊಡುವುದು ನಮ್ಮ ಕಡೆ ಇದ್ದದ್ದೇ. ಬಾಳವ್ವಾಯಿಯ ಅತ್ತೆ ಕೊಟ್ಟ ಕಣ್ಣುಗಳಲ್ಲಿ ಎಡಗಡೆಯದನ್ನು ಅಕ್ಕಸಾಲಿ ಪತ್ತಾರ ತಪ್ಪು ಮಾಡಿದ್ದ. ಗುಡ್ಡೆಗೆಂದು ಕೊರೆದ ಕುಳಿ ನಡುವೆ ಬರುವ ಬದಲು ಮೂಗಿನ ಕಡೆಗೆ ಸರಿದಿತ್ತು, ಅದರಲ್ಲೇ ಕರಿ ಅರಗು ತುಂಬಿದ್ದ. ಹೀಗೆ ಲಕ್ಕವ್ವನಿಗೆ ಮೆಳ್ಳೆಗಣ್ಣು ಬಂತು. ಆಮೇಲೆ ಆ ಮನೆಯಲ್ಲಿ ಶ್ರಾವಣಿ ಹುಟ್ಟಿದಳು, ಅದೇ ಎಡಗಣ್ಣು, ಅದೇ ಓರೆ.

ಇನ್ನೇನು ಬೇಕು? ಹುಡುಗಿಯದು ಲಕ್ಕವ್ವನ ನೋಟ ಎಂದು ಊರೇ ಒಪ್ಪಿತು. ಅವಳು ಹುಟ್ಟಿದ ಮೇಲೆ ಬೋರಿನಲ್ಲಿ ನೀರು ಬಿತ್ತಂತೆ, ತಡೆದಿದ್ದ ಮದುವೆಗಳು ಆದವಂತೆ. ಕಬ್ಬು ಕಡಿಯಲು ಹೊರಟವರು ಅವಳ ಮುಖ ನೋಡಿ ಹೋಗುತ್ತಿದ್ದರು. ಶಾಲೆಯಲ್ಲಿ ಅವಳು ‘ಮೆಳ್ಳಿ’, ಮನೆಯಲ್ಲಿ ದೇವಿ. ಎರಡೂ ಕಡೆ ಯಾರಿಗೂ ಅವಳ ಕಣ್ಣು ಕಾಣುತ್ತದೋ ಇಲ್ಲವೋ ಎಂಬ ಚಿಂತೆ ಇರಲಿಲ್ಲ. ಅವಳ ತಾಯಿ ಸುವರ್ಣಾ ಮಾತ್ರ ಒಮ್ಮೆ ಕದ್ದು ಪಟ್ಟಿ ಹಚ್ಚಿದಳು. ಹುಡುಗಿ ಕಿತ್ತೆಸೆದು ಅರಚಿದಳು, ಅಜ್ಜಿಗೆ ಗೊತ್ತಾಯಿತು, ಮನೆಯಲ್ಲಿ ರಂಪವಾಯಿತು.

ನನ್ನ ಜೊತೆಯವರು ಬೇರೆ ಮಗು ಹುಡುಕಿಕೋ ಎಂದರು. ಮೇಡಂ ಕೂಡ ಅದನ್ನೇ ಹೇಳಿದರು, ಪಾಪ ನನ್ನ ಪರೀಕ್ಷೆಯ ಚಿಂತೆಯಿಂದ. ನನಗೂ ಪರೀಕ್ಷೆಯ ಚಿಂತೆ ಇತ್ತು, ಸುಳ್ಳು ಯಾಕೆ ಹೇಳಲಿ. ಆದರೆ ಆ ತಡಕಾಡುವ ಕಣ್ಣನ್ನು ನೋಡಿದ ಮೇಲೆ ಬಿಡಲು ಆಗಲಿಲ್ಲ. ಇವತ್ತು ನಾನು ಬಿಟ್ಟರೆ ಅವಳು ಆಯುಷ್ಯವೆಲ್ಲ ಒಂದೇ ಕಣ್ಣಿನಲ್ಲಿ ಬದುಕಬೇಕು. ರಜೆ ಸಿಕ್ಕಾಗಲೆಲ್ಲ ಅಂಕಲಿಯಲ್ಲಿ ಇಳಿದು ತೋಟಕ್ಕೆ ನಡೆದು ಹೋಗುತ್ತಿದ್ದೆ. ಬಾಳವ್ವಾಯಿ ಕಟ್ಟೆಯ ಮೇಲೆ ಕೂರಿಸಿ ಚಹಾ ಕೊಡುತ್ತಿದ್ದಳು. ಒಳಗೆ ಕರೆಯುತ್ತಿರಲಿಲ್ಲ. ಯಾಕೆಂದು ನಾನೂ ಕೇಳಲಿಲ್ಲ, ಅವಳೂ ಹೇಳಲಿಲ್ಲ, ಇಬ್ಬರಿಗೂ ಗೊತ್ತಿತ್ತು. ನಾನು ಬಂದದ್ದು ಚಹಾಕ್ಕಲ್ಲ. ಹೇಳಿದ್ದನ್ನೇ ಹೇಳುತ್ತಿದ್ದೆ: ಕಣ್ಣು ನೇರ ಮಾಡುವುದು ಬೇಡ ಬಿಡು ಆಯಿ, ಓರೆಯಾಗಿಯೇ ಇರಲಿ, ಅದಕ್ಕೆ ಕಾಣುವಂತೆ ಮಾಡೋಣ. ಅವಳು ಕಬ್ಬಿನ ಕಡೆ ನೋಡುತ್ತ ಕೂತಿರುತ್ತಿದ್ದಳು. ಲಕ್ಕವ್ವನ ಕಣ್ಣು ತಿದ್ದಲು ನೀನು ಯಾರು ಎಂದು ಒಂದು ಸಲ ಕೇಳಿದ್ದೂ ಉಂಟು.

ಒಂದು ದಿನ, ಬೇಸರದಿಂದಲೋ ಏನೋ, ಅವಳೇ ದಾರಿ ತೆಗೆದಳು.

“ನಮ್ಮ ಮನ್ಯಾಗ ಏನ ಬಂದ್ರೂ ಮೊದಲ ಲಕ್ಕವ್ವಗ ಮುಟ್ಟಬೇಕ. ಹೊಸಾ ಬೆಲ್ಲ ಆಗ್ಲಿ, ಸೀರಿ ಆಗ್ಲಿ. ನಿನ್ನ ಪಟ್ಟೀನೂ ಮೊದಲ ಆಕಿಗೆ ಹಚ್ಚು. ಆಕಿ ಒಂದ ದಿನ ತಡಕೊಂಡ್ಲಂದ್ರ ನನ್ನ ಮೊಮ್ಮಗಳೂ ತಡಕೋತಾಳ. ಮನ್ಯಾಗ ಏನಾರ ಹೆಚ್ಚುಕಮ್ಮಿ ಆತಂದ್ರ ಮತ್ತ ನೀ ಈ ಕಡೆ ಬರಬ್ಯಾಡ.”

ಕಲ್ಲಿಗೆ ಪಟ್ಟಿ ಹಚ್ಚುವುದೆಂದರೆ ನನಗೆ ನಗು ಬರಬೇಕಿತ್ತು. ಬರಲಿಲ್ಲ. ಕಲ್ಲಿಗಾದರೆ ಕಲ್ಲಿಗೆ, ಮರುದಿನ ಹುಡುಗಿಗೆ ಹಚ್ಚಬಹುದಲ್ಲ ಎಂದಷ್ಟೇ ಹೊಳೆಯಿತು. ಪಟ್ಟಿ ತೆಗೆದು ಅವಳ ಕಡೆ ಚಾಚಿದೆ. ಅವಳು ತೆಗೆದುಕೊಳ್ಳಲಿಲ್ಲ.

“ನನಗೇನ ಗೊತ್ತ ಅದರ ರೀತಿ. ನೀನ ಹಚ್ಚು.”

“ಆಯಿ, ನಾವು ಬೌದ್ಧರ ಅದೀವ್ರಿ,” ಎಂದೆ. ಆಮೇಲೆ ಯಾರೋ ಹೇಳಿ ರಾದ್ಧಾಂತ ಆಗುವುದಕ್ಕಿಂತ ಈಗಲೇ ಆಗಲಿ ಎಂದು.

“ಗೊತ್ತೈತಿ. ನೀ ಬಂದ ಮೊದಲ್ನೇ ದಿನಾನ ಕೇಳೇನಿ,” ಎಂದಳು. ಪಂಪ್‌ಸೆಟ್ಟಿನ ಕಡೆ ಕೈ ತೋರಿಸಿ, “ಕೈಕಾಲ ತೊಳಕೊಂಡ ಬಾ,” ಎಂದಳು.

ಯಾರ ಕಣ್ಣು ಮುಟ್ಟುವುದಿದ್ದರೂ ನಾವು ಕೈ ತೊಳೆಯಲೇಬೇಕು. ಹಾಗಾಗಿ ಅದರಲ್ಲಿ ವಾದ ಮಾಡುವಂಥದ್ದು ನನಗೇನೂ ಕಾಣಲಿಲ್ಲ. ಪಂಪ್‌ಸೆಟ್ಟಿನ ನೀರಲ್ಲಿ ತೊಳೆದುಕೊಂಡು ಗುಡಿಗೆ ಹೋದೆ.

ಒಳಗೆ ಮೂರು ಜನ ನಿಲ್ಲುವಷ್ಟು ಜಾಗ. ಬಾಗಿಲು ಮೂಡಣಕ್ಕಿತ್ತು, ಬೆಳಗಿನ ಬಿಸಿಲು ನೇರ ಮೂರ್ತಿಯ ಮುಖದ ಮೇಲೆ ಬಿದ್ದಿತ್ತು. ನಾನು ಲಕ್ಕವ್ವನ ಬಲಗಡೆ ನಿಂತೆ. ಶ್ರಾವಣಿ ಎಡಗಡೆ, ಗೋಡೆಗೆ ಒತ್ತಿಕೊಂಡು, ಕುಂಕುಮದ ತಟ್ಟೆ ಹಿಡಿದು ನಿಂತಿದ್ದಳು. ಬಾಳವ್ವಾಯಿ ಹೊರಗಿನ ಮೆಟ್ಟಿಲ ಮೇಲೆ ನಮಗೆ ಬೆನ್ನು ಮಾಡಿ ತೆಂಗಿನಕಾಯಿ ಸುಲಿಯುತ್ತಿದ್ದಳು. ಪಟ್ಟಿಯ ಹಿಂದಿನ ಕಾಗದ ಬಿಡಿಸಿ, ಲಕ್ಕವ್ವನ ಬಲಗಣ್ಣಿನ ಮೇಲೆ ಇಟ್ಟು, ಹೆಬ್ಬೆರಳಿನಿಂದ ಅಂಚು ಒತ್ತಿದೆ. ಅಂಚಿನಲ್ಲಿ ಸಂದು ಬಿಟ್ಟರೆ ಮಕ್ಕಳು ಇಣುಕುತ್ತಾರೆ, ಅದಕ್ಕೆ ಸುತ್ತಲೂ ಒತ್ತಬೇಕು ಎಂದು ಕಲಿಸಿದ್ದರು. ಹಾಗೇ ಒತ್ತಿದೆ. ಒತ್ತುತ್ತಲೇ, ರೂಢಿಯಂತೆ, ನನ್ನ ನೋಟ ಇನ್ನೊಂದು ಕಣ್ಣಿಗೆ ಹೋಯಿತು.

ಆ ಕಣ್ಣು ಹೊರಳಿತು.

ಇದನ್ನು ಬರೆಯುವಾಗ ಕೈ ತಡೆಯುತ್ತದೆ, ಆದರೂ ಕಂಡದ್ದನ್ನು ಕಂಡಂತೆ ಬರೆಯುತ್ತೇನೆ. ಮೂಗಿನ ಕಡೆ ಇದ್ದ ಕರಿಗುಡ್ಡೆ ಸಣ್ಣಗೆ ಅಲುಗಿ, ಹೊರಗಡೆಗೆ ಬಂದು, ನಡುವಿಗಿಂತ ಒಂದಿಷ್ಟು ಮುಂದೆ ಹೋಗಿ, ಮತ್ತೆ ಹಿಂದೆ ಸರಿದು ನಡುವೆ ನಿಂತಿತು. ನಿಂತು ನನ್ನನ್ನು ನೋಡಿತು. ಗೊಂಬೆಯ ಕಣ್ಣು ಹಾಗೆ ಹೊರಳುವುದಿಲ್ಲ, ಗೊತ್ತಿಲ್ಲದವರು ಕಲ್ಪಿಸಿಕೊಂಡರೂ ಹಾಗೆ ಕಲ್ಪಿಸಿಕೊಳ್ಳುವುದಿಲ್ಲ. ಬಹಳ ದಿನ ನೋಡದೇ ಇದ್ದ ಜೀವಂತ ಕಣ್ಣು ಮೊದಲ ಸಲ ಎದುರಿನದನ್ನು ಹಿಡಿಯುವಾಗ ಹಾಗೇ ಮಾಡುತ್ತದೆ, ಹುಡುಕಿ, ತುಸು ದಾಟಿ, ತಿದ್ದಿಕೊಂಡು ನಿಲ್ಲುತ್ತದೆ.

ಹೆದರಿಕೆ ಆಮೇಲೆ ಬಂತು. ಮೊದಲು ಬಂದದ್ದು ಬಾಯಿಗೆ ರೂಢಿಯಾದ ಮಾತು. “ಗುಡ್, ಹಂಗ ನೋಡು,” ಎಂದುಬಿಟ್ಟೆ, ಗಟ್ಟಿಯಾಗಿ, ಲಕ್ಕವ್ವನಿಗೆ.

ಯಾರಿಗೆ ಅಂದದ್ದು ಎಂದು ಬಾಳವ್ವಾಯಿ ತಿರುಗದೆ ಕೇಳಿದಳು. ಪೋರಿಗೆ ಎಂದೆ. ಗೋಡೆ ಹಿಡಿದು ಹೊರಗೆ ಬಂದೆ. ಮುದುಕಿ ಕಾಯಿ ಹಿಡಿದು ಒಳಗೆ ಹೋದಳು, ನಾನು ಬಾಗಿಲಿನಿಂದ ಮತ್ತೆ ನೋಡಿದೆ. ಬಲಗಣ್ಣಿನ ಮೇಲೆ ನನ್ನ ಪಟ್ಟಿ ಇತ್ತು. ಎಡಗಣ್ಣು ಎಂದಿನಂತೆ ಮೂಗಿನ ಕಡೆ ಹೊರಳಿಕೊಂಡು ಇತ್ತು. ಅವಳು ಕಾಯಿ ಒಡೆದು, ಎಲ್ಲರಿಗೂ ಒಂದೊಂದು ಚೂರು ಕೊಟ್ಟಳು. ನನಗೂ ಕೊಟ್ಟಳು, ಕೈಗೇ.

ಆ ದಿನ ಮನೆಯಲ್ಲಿ ಹೆಚ್ಚುಕಮ್ಮಿ ಏನೂ ಆಗಲಿಲ್ಲ. ಎಮ್ಮೆ ಹಾಲು ಕೊಟ್ಟಿತು, ಯಾರಿಗೂ ಜ್ವರ ಬರಲಿಲ್ಲ. ಮರುದಿನ ಬೆಳಿಗ್ಗೆ ನಾನು ಮತ್ತೆ ಹೋದಾಗ ಬಾಳವ್ವಾಯಿ ತಾನೇ ಮೊಮ್ಮಗಳನ್ನು ಎದುರಿಗೆ ಕೂರಿಸಿಕೊಂಡಳು. ನಾನು ಪಟ್ಟಿ ಹಚ್ಚಿದೆ. ಅರಚಿ ಕಿತ್ತೆಸೆಯುತ್ತಿದ್ದ ಹುಡುಗಿ ಅಂದು ತುಟಿ ಬಿಗಿಹಿಡಿದು ಕೂತಳು. ಒಂದು ಹನಿ ಕಣ್ಣೀರೂ ಹಾಕಲಿಲ್ಲ. ದೇವಿ ತಡೆದುಕೊಂಡದ್ದನ್ನು ಕಂಡು ತಾನೂ ತಡೆದುಕೊಂಡಳು ಎಂದು ಅಜ್ಜಿ ಹೆಮ್ಮೆಪಟ್ಟಳು. ನಾನೂ ಹಾಗೇ ಅಂದುಕೊಂಡೆ.

ಆಮೇಲಿನದು ದುಡಿಮೆ. ಸುವರ್ಣಾ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾದಳು, ಹುಡುಗಿ ಪಟ್ಟಿ ಹಾಕಿಕೊಂಡೇ ಜೋಳದಲ್ಲಿನ ಹರಳು ಆರಿಸಿದಳು, ಸೂಜಿಗೆ ದಾರ ಪೋಣಿಸಿದಳು, ಬಣ್ಣ ತುಂಬಿದಳು. ನಾನು ಬಸ್ಸು ಹಿಡಿದು ಹೋಗಿ ಬಂದೆ. ಮೊದಮೊದಲು ಎಡಗಣ್ಣು ತಡಕಾಡಿತು. ಆಮೇಲೆ ದೀಪ ಹಿಡಿಯಿತು, ಆಮೇಲೆ ಬೆರಳು, ಆಮೇಲೆ ದೊಡ್ಡ ಅಕ್ಷರ. ಮೌಖಿಕ ಪರೀಕ್ಷೆಯಲ್ಲಿ ಹೊರಗಿನಿಂದ ಬಂದ ಪರೀಕ್ಷಕರು, ಇಷ್ಟು ಹಟಮಾರಿ ಮನೆಯವರನ್ನು ಹೇಗೆ ಒಪ್ಪಿಸಿದೆ ಎಂದು ಕೇಳಿದರು. ಅವರು ಹೇಳಿದಂತೆ ಕೇಳಿದೆ ಎಂದೆ. ಅದು ಸುಳ್ಳಲ್ಲ. ಪದವಿ ಬಂತು. ಮುಂದೆ ಕಣ್ಣು ನೇರ ಮಾಡುವ ಸಣ್ಣ ಶಸ್ತ್ರಚಿಕಿತ್ಸೆಯೂ ಆಯಿತು, ಅದಕ್ಕೆ ಬಾಳವ್ವಾಯಿ ತಕರಾರು ತೆಗೆಯಲಿಲ್ಲ. ಹಾಗಾದರೆ ಲಕ್ಕವ್ವನ ಕಣ್ಣನ್ನೂ ಹೊಸದಾಗಿ ಮಾಡಿಸೋಣ ಎಂದು ಮನೆಯವರು ಕೇಳಿದಾಗ ಮಾತ್ರ, ಆಕೀ ನೋಟ ಆಕಿಗಿರಲಿ ಎಂದುಬಿಟ್ಟಳಂತೆ.

ನಾನು ಸುಮ್ಮನೆ ಕೂತಿರಲಿಲ್ಲ. ಅಪ್ಪನ ಮಗಳು, ಪ್ರಮಾಣಿಸಿ ನೋಡಿದೆ. ಅದೇ ಹೊತ್ತಿಗೆ, ಅದೇ ಬಿಸಿಲಿನಲ್ಲಿ, ಅದೇ ಜಾಗದಲ್ಲಿ ನಿಂತು, ಅದೇ ಬಗೆಯ ಪಟ್ಟಿಯನ್ನು ಲಕ್ಕವ್ವನಿಗೆ ಮತ್ತೆ ಹಚ್ಚಿದೆ. ಬಾಳವ್ವಾಯಿ ಬೇಡ ಎನ್ನಲಿಲ್ಲ. ಏನೂ ಅಲುಗಲಿಲ್ಲ. ಮೇಣ ಕರಗಿ ಬೆಳ್ಳಿ ತಗಡು ಜಾರಿರಬಹುದೇ ಎಂದು ಬೆರಳಿಟ್ಟು ಒತ್ತಿದೆ. ತಗಡು ಕಲ್ಲಿಗೆ ಕಚ್ಚಿ ಕೂತಿತ್ತು. ಜಾರಿದರೂ ತಗಡು ಜಾರಬೇಕು, ತಗಡಿನೊಳಗಿನ ಕುಳಿ ಜಾರಲು ಬರುವುದಿಲ್ಲ. ಕಬ್ಬಿನ ಗರಿಯ ನೆರಳು ಆಡಿರಬಹುದೇ ಎಂದು ಬಾಗಿಲಲ್ಲಿ ನಿಂತು ನೋಡಿದೆ, ಆ ಕಡೆ ಕಬ್ಬು ಇರಲಿಲ್ಲ. ನನ್ನ ಕಣ್ಣನ್ನೇ ನಮ್ಮ ವಿಭಾಗದಲ್ಲಿ ಪರೀಕ್ಷೆ ಮಾಡಿಸಿಕೊಂಡೆ, ದೋಷ ಸಿಗಲಿಲ್ಲ. ಕೊನೆಗೆ ಉಳಿದದ್ದು ಒಂದೇ ಮಾತು: ಆ ಹುಡುಗಿಯ ಕಣ್ಣು ಹೊರಳಬೇಕೆಂದು ನಾನು ಅಷ್ಟು ಬಯಸಿದ್ದೆ, ಕಲ್ಲಿನ ಕಣ್ಣಲ್ಲೂ ಅದೇ ಕಂಡಿತು. ಇದನ್ನು ಒಪ್ಪಿಕೊಂಡೆ. ಅಪ್ಪನಿಗೂ ಹೇಳಲಿಲ್ಲ, ಯಾರಿಗೂ ಹೇಳಲಿಲ್ಲ. ಮನಸ್ಸಿನ ಆಟ ಎಂದು ಮಡಚಿಟ್ಟು, ಚಿಕ್ಕೋಡಿಯಲ್ಲಿ ಕೆಲಸ ಹಿಡಿದು, ನನ್ನ ಪಾಡಿಗೆ ನಾನಿದ್ದೆ.

ಕಳೆದ ದೀಪಾವಳಿಯ ಸೂಟಿಯಲ್ಲಿ ಶ್ರಾವಣಿ ಕನ್ನಡಕದ ನಂಬರು ನೋಡಿಸಲು ಬಂದಿದ್ದಳು. ಈಗ ಹೈಸ್ಕೂಲು, ನನಗಿಂತ ಎತ್ತರ. ಬಾಳವ್ವಾಯಿಯ ಆರೋಗ್ಯ ಕೇಳಿದೆ, ಗಟ್ಟಿಯಾಗಿದ್ದಾಳೆ, ಇನ್ನೂ ಎಲ್ಲರನ್ನೂ ಬೈಯುತ್ತಾಳೆ ಎಂದಳು. ಕೂರಿಸಿ, ಅಕ್ಷರದ ಹಲಗೆ ಎದುರಿಗೆ ಹಚ್ಚಿ, ಅವಳ ಬಲಗಣ್ಣನ್ನು ಕೈಯಿಂದ ಮುಚ್ಚಿದೆ. ಎಡಗಣ್ಣು ಅಲುಗದೆ ಎದುರಿಗೆ ನೋಡುತ್ತಿತ್ತು. ಆಗ ಅವಳು, ಹಲಗೆಯ ಮೇಲಿನ ನೋಟ ತೆಗೆಯದೆ, ಏನೋ ಸಾದಾ ಸುದ್ದಿ ಹೇಳುವವಳ ಹಾಗೆ ಹೇಳಿದಳು.

“ಮೇಡಂ, ಅವತ್ತ ನೀವು ಲಕ್ಕವ್ವಗ ಪಟ್ಟಿ ಹಚ್ಚಿದ್ರೆಲ್ರಿ, ಆಗ ಆಕಿ ಕಣ್ಣ ತಿರುವಿ ನನ್ನ ನೋಡಿದ್ಲು. ಅದಕ್ಕ ನಾ ಮರುದಿನ ಅಳಲಿಲ್ಲ.”

ನನ್ನ ಕೈ ಅವಳ ಕಣ್ಣಿನ ಮೇಲೇ ಇತ್ತು. ತೆಗೆಯುವುದು ಮರೆತುಹೋಯಿತು.

ಅವಳು ನಿಂತದ್ದು ಆ ಕಡೆಯ ಗೋಡೆಗೆ, ನಾನು ಈ ಕಡೆ. ಎದುರಿಗೆ ನೇರ ನೋಡುವ ಚಿತ್ರದ ಕಣ್ಣು ಎಲ್ಲಿ ನಿಂತವರನ್ನೂ ನೋಡುವಂತೆ ಕಾಣುತ್ತದೆ, ಇದು ನನಗೆ ಗೊತ್ತು, ಇದನ್ನು ಓದಿ ಪರೀಕ್ಷೆಯಲ್ಲಿ ಬರೆದವಳು ನಾನು. ಹಾಗಾಗಿ ಅವಳನ್ನು ನೋಡಿತೋ ನನ್ನನ್ನು ನೋಡಿತೋ ಎಂಬುದು ನನ್ನ ತೊಡಕಲ್ಲ. ಇಬ್ಬರನ್ನೂ ನೋಡಿದಂತೆ ಕಾಣಬೇಕಾದರೂ ಆ ಕಣ್ಣು ಮೊದಲು ನೇರವಾಗಬೇಕಲ್ಲ? ನನ್ನ ಮನಸ್ಸಿನ ಆಟ ಎಂದು ಇಷ್ಟು ವರ್ಷ ಮಡಚಿಟ್ಟದ್ದು ಒಂದನೇ ಇಯತ್ತೆಯ ಪೋರಿಯ ಮನಸ್ಸಿನಲ್ಲಿ ಅದೇ ಗಳಿಗೆಗೆ ಹೇಗೆ ಆಡಿತು? ಕಂಡರೂ ಪ್ರಮಾಣಿಸು ಎಂದ ಅಪ್ಪ, ಪ್ರಮಾಣಿಸಿದ ಮೇಲೂ ಕಂಡದ್ದು ಉಳಿದರೆ ಏನು ಮಾಡಬೇಕೆಂದು ಹೇಳಿಕೊಡಲಿಲ್ಲ. ಓದುಗರಲ್ಲಿ ಯಾರಿಗಾದರೂ ಗೊತ್ತಿದ್ದರೆ ಹೇಳಿ, ಕೇಳುತ್ತೇನೆ. ಎದ್ದು ಹೋಗುವುದಿಲ್ಲ.

ಶ್ರಾವಣಿಗೆ ಕೆಳಗಿನ ಸಾಲು ಓದು ಎಂದೆ. ಹಲಗೆಯ ಕೊಟ್ಟಕೊನೆಯ ಸಾಲು, ಎಲ್ಲಕ್ಕಿಂತ ಸಣ್ಣ ಅಕ್ಷರಗಳು. ಅವಳು ಎಡಗಣ್ಣಿನಿಂದ, ಒಂದೂ ತಪ್ಪಿಲ್ಲದೆ, ಕೊನೆಯವರೆಗೆ ಓದಿದಳು.

“ಗುಡ್,” ಎಂದೆ. “ಹಂಗ ನೋಡು.”